ಮೊಪೆಡ್ಡಿನಿಂದ ಇಳಿಯುವ ಪರೇಡ್ ಸರ್

ಒಬ್ಬ ಮನುಷ್ಯ ಮೊಪೆಡ್ಡಿನಿಂದ ಇಳಿಯುವುದನ್ನು ನೋಡಲು ಹೊಸಪೇಟೆಯಲ್ಲಿ ಜನ ಚಹಾದ ಗ್ಲಾಸು ಹಿಡಿದುಕೊಂಡು ಕಾಯುತ್ತಿದ್ದ ಕಾಲವೊಂದಿತ್ತು. ಇದು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಉತ್ಪ್ರೇಕ್ಷೆ ನನ್ನ ಕಸುಬು, ಅದು ನಿಜ. ಮದುವೆ ಆರ್ಕೆಸ್ಟ್ರಾದಲ್ಲಿ ಗಾಯಕಿ ನೀರು ಕುಡಿಯಲು ಹೋದಾಗ ಜನ ಊಟದ ಕಡೆ ಓಡದಂತೆ ಮಿಮಿಕ್ರಿ ಮಾಡಿ ಹಿಡಿದಿಡುವವನು ನಾನೇ. ಆದರೂ ಜನ ಓಡುತ್ತಾರೆ, ಆ ಮಾತು ಬೇರೆ. ಈ ವಿಷಯದಲ್ಲಿ ಮಾತ್ರ ಸುಳ್ಳು ಸೇರಿಸುವ ಅಗತ್ಯವೇ ಬೀಳಲಿಲ್ಲ.

ಕಳೆದ ತಿಂಗಳು ನಮ್ಮ ಪರೇಡ್ ಸರ್ ನಿವೃತ್ತರಾದರು. ಹೈಸ್ಕೂಲಿನಲ್ಲಿ ಅವರು ಪಾಠ ಮಾಡುತ್ತಿದ್ದದ್ದು ಸಮಾಜ ವಿಜ್ಞಾನ. ಜೊತೆಗೆ ಶಾಲೆಯ ಕೆಡೆಟ್ ತುಕಡಿಯ ಉಸ್ತುವಾರಿಯೂ ಅವರದೇ. ಅಕ್ಬರನ ಬಗ್ಗೆ ಅವರು ಏನು ಹೇಳಿದರು ಎಂಬುದು ಯಾರಿಗೂ ನೆನಪಿಲ್ಲ. ಅವರು ಹೇಗೆ ನಿಲ್ಲುತ್ತಿದ್ದರು ಎಂಬುದು ಎಲ್ಲರಿಗೂ ನೆನಪಿದೆ. ಬೀಳ್ಕೊಡುಗೆಗೆ ಹಳೇ ವಿದ್ಯಾರ್ಥಿಗಳನ್ನೂ ಕರೆದಿದ್ದರು. ಯಾರೋ ನನ್ನ ಕೈಗೆ ಮೈಕ್ ತುರುಕಿ, "ಲೇ ಪಂಪಾಪತಿ, ಸರ್‌ದು ಒಂದು ಐಟಂ ಮಾಡಲೇ" ಎಂದರು. ನಾನು ಪ್ಲಾಸ್ಟಿಕ್ ಕುರ್ಚಿಯನ್ನೇ ಮೊಪೆಡ್ ಮಾಡಿಕೊಂಡು ಸರ್ ಅದರಿಂದ ಇಳಿಯುವ ವೈಖರಿಯನ್ನು ಮಾಡಿ ತೋರಿಸಿದೆ. ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸರ್ ಬುಟ್ಟಿಯೇ ಉರುಳುವಷ್ಟು ನಕ್ಕರು. ಆಮೇಲೆ ಎದ್ದು ಬಂದು ನನ್ನ ಬಲಗೈ ಹಿಡಿದು, ಮೊಣಕೈಯನ್ನು ಒಂಚೂರು ಮೇಲೆತ್ತಿ, ಮೈಕಿಗೆ ಬಾಯಿ ತಂದು ಹೇಳಿದರು:

"ನಕಲು ಮಸ್ತ್ ಐತ್ರಿ ಪಂಪಾಪತಿಯವರೇ. ಮೊಣಕೈ ಮಾತ್ರ ನಿಮ್ಮದು."

ಇಡೀ ಸಭೆಯಲ್ಲಿ ನನ್ನನ್ನು "ರೀ" ಅಂದವರು ಅವರೊಬ್ಬರೇ. ನಾನು ಚಡ್ಡಿ ಹಾಕಿಕೊಂಡು ಎಂಟನೇ ಕ್ಲಾಸಿಗೆ ಸೇರಿದಾಗಿನಿಂದಲೂ ಹಾಗೆಯೇ. ಮನೆಯಲ್ಲಿ ನಾನು ಪಂಪ್ಯಾ. ಓಣಿಯಲ್ಲಿ ನಾನು "ಏ ಇವ್ನೇ". ಹಾಗಿರುವಾಗ ಮೊದಲ ಪರೇಡಿನ ದಿನ ಸರ್ "ಕೆಡೆಟ್ ಪಂಪಾಪತಿಯವರೇ, ಒಂದ್ಹೆಜ್ಜಿ ಮುಂದ ಬರ್ರಿ" ಎಂದಾಗ ನಾನು ಹಿಂದೆ ತಿರುಗಿ ನೋಡಿದೆ. ಅದು ನನ್ನ ಅಜ್ಜನ ಹೆಸರು. ಅಜ್ಜನೇ ಎಲ್ಲೋ ಬಂದು ನಿಂತಿದ್ದಾನೆ ಅಂದುಕೊಂಡೆ.

ಸರ್ ಕಟ್ಟಿದ ಕಾನೂನು ಒಂದೇ: ಯೂನಿಫಾರಂ ಮೈಮೇಲೆ ಇರುವತನಕ ಯಾರೂ ಯಾರಿಗೂ "ಲೇ" ಅನ್ನುವಂತಿಲ್ಲ. ನಮ್ಮ ಕಡೆ ಹುಡುಗರಿಗೆ ಇದು ಉಸಿರು ಬಿಗಿಹಿಡಿಯುವ ಶಿಕ್ಷೆ. ಪರೇಡ್ ಮುಗಿದ ಮೇಲೆ ನಮಗೆಲ್ಲ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಬಜ್ಜಿ ಕೊಡುತ್ತಿದ್ದರು. ದೇಶಸೇವೆಗೆ ಸೇರಿದೆವು ಎಂದು ಭಾಷಣದಲ್ಲಿ ಹೇಳುತ್ತಿದ್ದೆವು, ಸೇರಿದ್ದು ಮಿರ್ಚಿಗೆ. ಒಂದು ದಿನ ನನ್ನ ಪಾಲಿನ ಮಿರ್ಚಿ ಮಾಯವಾಯಿತು. ಪಕ್ಕದಲ್ಲಿ ಕಂಪ್ಲಿಯಿಂದ ಬಸ್ಸಿನಲ್ಲಿ ಬರುವ ಗಾದಿಲಿಂಗ ಬಾಯಿ ಒರೆಸಿಕೊಳ್ಳುತ್ತಿದ್ದ. ನಾಲ್ಕು ಹೆಜ್ಜೆ ಆಚೆ ಸರ್ ನಿಂತಿದ್ದರು.

"ಗಾದಿಲಿಂಗಪ್ಪನವರೇ, ನನ್ನ ಮಿರ್ಚಿ ತಾವು ತಿಂದ್ರೇನು?"

"ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ ಪಂಪಾಪತಿಯವರೇ. ಹಲ್ಲು ಉದುರ್ತಾವು ನಿಮ್ಮವು."

"ಉದುರಸ್ರಿ ನೋಡೋಣು. ತಾವು ಹುಟ್ಟಿದಾಗಿಂದ ಕಳ್ಳರ್ರಿ."

"ತಮ್ಮ ಮಾರಿ ಕನ್ನಡಿಯಾಗ ನೋಡ್ಕೋರಿ ಮದ್ಲು. ದರೋಜಿ ಕಾಡಿನ ಕರಡಿ ಎದ್ದು ಬಂದಂಗ ಅದೀರಿ."

ಜಗಳ ಅಲ್ಲಿಗೇ ನಿಂತಿತು. ತಾವು, ತಮ್ಮ ಎನ್ನುತ್ತಾ ಯಾರಿಗಾದರೂ ಹೊಡೆಯಲು ಸಾಧ್ಯವೇ? ಇಬ್ಬರಿಗೂ ನಗು ಬಂದು, ವಗ್ಗಾಣಿ ಮೂಗಿಗೆ ಏರಿತು. ಸರ್ ಅತ್ತ ತಿರುಗಿಕೊಂಡರು. ಅವರ ಬೆನ್ನು ಕುಲುಕುತ್ತಿತ್ತು.

ಸರ್ ನೋಡಲು ಸಿನಿಮಾದ ಮಿಲಿಟರಿಯವರ ಹಾಗೇನೂ ಇರಲಿಲ್ಲ. ಎತ್ತರ ಕಮ್ಮಿ, ಹೊಟ್ಟೆ ಒಂದಿಷ್ಟು ಮುಂದೆ. ಬೆಲ್ಟು ಬಿಗಿದರೆ ಆ ಹೊಟ್ಟೆ ಬಳ್ಳಾರಿ ಒಂದು ಕಡೆ, ವಿಜಯನಗರ ಒಂದು ಕಡೆ ಎಂಬಂತೆ ಎರಡು ಜಿಲ್ಲೆಯಾಗುತ್ತಿತ್ತು. ಕ್ಲಾಸಿನಲ್ಲಿ ಅವರ ಧ್ವನಿ ಮೂರನೇ ಬೆಂಚಿಗೆ ತಲುಪುತ್ತಿರಲಿಲ್ಲ. ಮೈದಾನಕ್ಕೆ ಬಂದು "ಸಾವಧಾನ್!" ಎಂದರೆ ಮಾತ್ರ ಶಾಲೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಏಳುತ್ತಿದ್ದವು. ಪ್ರತಿ ಹುಕುಂ ಕೊಡುವ ಮುಂಚೆ ಗಂಟಲೊಳಗೇ "ಹ್ಞೂಂಹ್ಞೂಂ" ಎಂದು ಸಣ್ಣಗೆ ಕೆಮ್ಮುತ್ತಿದ್ದರು. ಅದು ನನಗೆ ಸಿಕ್ಕಿದ್ದೇ ತಡ, ಎರಡು ವಾರದಲ್ಲಿ ಅವರ ಧ್ವನಿ ನನ್ನ ಗಂಟಲಿಗೆ ಬಂತು.

ಒಂದು ದಿನ ಸರ್ ಯಾರದೋ ಫೋನ್ ಬಂತೆಂದು ಆಚೆ ಹೋದರು. ನಾನು ಹಿಂದಿನ ಸಾಲಿನಿಂದ ಮೆಲ್ಲಗೆ ಜಾರಿ ಬೇವಿನ ಮರದ ಹಿಂದೆ ನಿಂತು, "ಹ್ಞೂಂಹ್ಞೂಂ... ಪೀಛೇ ಮುಡ್!" ಎಂದೆ. ಇಡೀ ತುಕಡಿ ಧಡ್ ಎಂದು ಹಿಂದಕ್ಕೆ ತಿರುಗಿತು. "ತೇಜ್ ಚಲ್!" ಎಂದೆ. ಹೊರಟೇಬಿಟ್ಟರು! ಎದುರಿಗೆ ಕಾಂಪೌಂಡ್ ಗೋಡೆ. ಮುಂದಿದ್ದವರು ಗೋಡೆ ಮುಟ್ಟಿ ನಿಂತಲ್ಲೇ ಕಾಲು ಬಡಿಯುತ್ತಿದ್ದರೂ ನಿಲ್ಲಿಸುವ "ಥಮ್" ನನ್ನ ಬಾಯಿಂದ ಬರಲಿಲ್ಲ, ಏಕೆಂದರೆ ಸರ್ ವಾಪಸ್ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು.

"ಆವಾಜು ಛಲೋ ಐತ್ರಿ," ಎಂದರು. ಸಿಟ್ಟಿಲ್ಲ. "ಮರದ ಹಿಂದ ಯಾಕ? ಬರ್ರಿ, ಮುಂದ ನಿಂತು ಕೊಡ್ರಿ. ನಿಮ್ಮ ಆವಾಜಿನಾಗ."

ಮುಂದೆ ನಿಂತೆ. ಬಾಯಿ ತೆರೆದೆ. ನನ್ನ ಸ್ವಂತ ಧ್ವನಿ ಆಗಷ್ಟೇ ಒಡೆಯುತ್ತಿದ್ದ ಕಾಲ. ಹಾಲು ಬಿಡಿಸಿದ ಕರುವಿನ ಹಾಗೆ ಏನೋ ಒಂದು ಹೊರಗೆ ಬಂತು. ತುಕಡಿ ಒಂದಿಂಚೂ ಅಲುಗಲಿಲ್ಲ. ನಾನು ಎಲ್ಲರ ಧ್ವನಿಯನ್ನೂ ತೆಗೆಯಬಲ್ಲೆ, ನನ್ನದೊಂದನ್ನು ಬಿಟ್ಟು ಎಂದು ಸರ್ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರಂತೆ. ತಪ್ಪೇನಿಲ್ಲ. ಈಗಲೂ ಅಷ್ಟೇ.

ಇನ್ನು ಮೊಪೆಡ್ಡಿಗೆ ಬರುತ್ತೇನೆ.

ಸರ್ ಅವರ ಹೆಂಡತಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ಹಾಗಾಗಿ ತುಂಗಭದ್ರಾ ಡ್ಯಾಂನ ಕ್ವಾರ್ಟರ್ಸಿನಲ್ಲಿ ಮನೆ. ಕಣ್ಣು ಹಾಯುವಷ್ಟು ನೀರು ಎದುರಿಗಿದ್ದರೂ ಆ ಮನೆಯ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಒಂದೇ ಹೊತ್ತು. ಅದನ್ನು ಹಿಡಿದು ತುಂಬುವ ಡ್ಯೂಟಿ ಸರ್‌ದು. ಕೊಡಗಳು ತುಂಬಿದ ಮೇಲೆ ಮೊಪೆಡ್ ಹತ್ತಿ ಊರಿಗೆ ಇಳಿದರೆ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಶಾಲೆ. ಬುಧವಾರ, ಶನಿವಾರ ಪರೇಡು. ಆ ಎರಡು ದಿನ ಅವರೂ ಯೂನಿಫಾರಂ, ನಾವೂ ಯೂನಿಫಾರಂ.

ಒಂದು ಬುಧವಾರ ನಾನು ಬಸ್‌ಸ್ಟ್ಯಾಂಡ್ ಹತ್ತಿರ ಚಹಾದಂಗಡಿಯ ಮುಂದೆ ನಿಂತಿದ್ದೆ. ಎದುರಿಗೆ ಸರ್ ಮೊಪೆಡ್ ಬಂತು. ಯೂನಿಫಾರಂನಲ್ಲಿರುವ ಕೆಡೆಟ್ ತನ್ನ ಆಫೀಸರನ್ನು ಕಂಡರೆ ಸೆಲ್ಯೂಟ್ ಮಾಡಬೇಕು. ಮಾಡಿದೆ. ದೇವರಾಣೆ ಆವತ್ತು ಒಳ್ಳೇ ಮನಸ್ಸಿನಿಂದಲೇ ಮಾಡಿದೆ.

ಸೆಲ್ಯೂಟ್ ಬಂದ ಮೇಲೆ ತಿರುಗಿ ಕೊಡಬೇಕು, ಅದು ಪದ್ಧತಿ. ತಲೆಯ ಮೇಲೆ ಯೂನಿಫಾರಂನ ಟೋಪಿ ಇಲ್ಲದೆ ಕೈಯೆತ್ತಿ ಸೆಲ್ಯೂಟ್ ಮಾಡುವಂತಿಲ್ಲ, ಅದೂ ಪದ್ಧತಿ. ಸರ್ ತಲೆಯ ಮೇಲೆ ಇದ್ದದ್ದು ಹೆಲ್ಮೆಟ್. ಬೇರೆ ಯಾರಾದರೂ ತಲೆಯಾಡಿಸಿ ಹೋಗುತ್ತಿದ್ದರು. ಸರ್ ಗಾಡಿ ಪಕ್ಕಕ್ಕೆ ತೆಗೆದುಕೊಂಡರು. ಎಂಜಿನ್ ಆರಿಸಿದರು. ಇಳಿದು, ಗಾಡಿಯನ್ನು ಹಿಂದಕ್ಕೆಳೆದು ಸ್ಟ್ಯಾಂಡ್ ಹಾಕಿದರು. ಹೆಲ್ಮೆಟ್ ತೆಗೆದು ಕನ್ನಡಿಗೆ ತೂಗುಹಾಕಿದರು. ಹ್ಯಾಂಡಲ್ಲಿನ ಚೀಲದಿಂದ ಟೋಪಿ ತೆಗೆದು, ಕೊಡವಿ, ಬಲಗಿವಿಯ ಕಡೆ ಬಾಗಿಸಿ ಹಾಕಿಕೊಂಡು, ಅದರ ಕೆಂಪು ಬಿಳಿ ತುರಾಯಿ ನೆಟ್ಟಗಿದೆಯೇ ಎಂದು ಅದೇ ಕನ್ನಡಿಯಲ್ಲಿ ನೋಡಿಕೊಂಡರು. ಅಷ್ಟು ಹೊತ್ತೂ ನನ್ನ ಕೈ ಹಣೆಯ ಹತ್ತಿರವೇ. ಆಮೇಲೆ ಹಿಮ್ಮಡಿ ಕೂಡಿಸಿ ಒಂದು ಸೆಲ್ಯೂಟ್ ಕೊಟ್ಟರು ನೋಡಿ, ಕೆಂಪುಕೋಟೆಯ ಮುಂದೆ ಕೊಡುವಂಥದ್ದು! ನಂತರ ನನ್ನ ಹತ್ತಿರ ಬಂದು ಬೆರಳು ಸರಿ ಮಾಡಿ, "ಅಂಗೈ ಕಾಣಬೇಕ್ರಿ" ಎಂದು, ವಾಪಸ್ ಹೋಗಿ ಟೋಪಿ ತೆಗೆದು, ಹೆಲ್ಮೆಟ್ ಹಾಕಿ, ಗಾಡಿ ತುಳಿದು ಹೋದರು.

ಚಹಾದಂಗಡಿಯವನು ಬಾಯಿ ತೆರೆದುಕೊಂಡು ನಿಂತಿದ್ದ. "ಏನಪಾ ಇದು? ಇನ್ನೊಂದ್ಸಲ ಮಾಡಿಸು."

ಇಷ್ಟು ಮಜಾ ಒಬ್ಬನೇ ಅನುಭವಿಸುವುದು ಸ್ವಾರ್ಥ. ಶನಿವಾರದ ಹೊತ್ತಿಗೆ ತುಕಡಿಗೆಲ್ಲ ಸುದ್ದಿ ಹಬ್ಬಿತು. ಕಾಲುವೆ ಸೇತುವೆಯ ಹತ್ತಿರ ಒಬ್ಬ, ಬಾಳೆಹಣ್ಣಿನ ಗಾಡಿಯ ಹತ್ತಿರ ಒಬ್ಬ, ಸಲೂನಿನ ಮುಂದೆ ಒಬ್ಬ. ಎಲ್ಲರೂ ಅಕಸ್ಮಾತ್ ಅಲ್ಲಿದ್ದವರಂತೆ ನಿಂತು ಸೆಲ್ಯೂಟ್ ಹೊಡೆಯುವುದು. ಸರ್ ಪ್ರತಿಯೊಬ್ಬರಿಗೂ ಇಳಿಯುವುದು. ಆಟೋದವರು ಗಾಡಿ ನಿಲ್ಲಿಸಿ ನೋಡತೊಡಗಿದರು. ಸಂಡೂರು ಕಡೆಯ ಅದಿರು ಲಾರಿಯ ಡ್ರೈವರೊಬ್ಬ ಕಿಟಕಿಯಿಂದ ತಾನೂ ಒಂದು ಸೆಲ್ಯೂಟ್ ಎಸೆದ. ಸರ್ ಅವನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. "ಅವರು ಸಿವಿಲಿಯನ್ ಅದಾರ್ರಿ," ಎಂದು ನನಗೆ ವಿವರಣೆ ಬೇರೆ ಕೊಟ್ಟರು.

ಪರಿಣಾಮ ಏನಾಯಿತೆಂದರೆ, ಸರ್ ತಡವಾಗಿ ಬರತೊಡಗಿದರು. ಬುಧವಾರ ತಡ, ಶನಿವಾರ ತಡ. ನಮ್ಮ ಹೆಡ್‌ಮಾಸ್ಟರ್ ಗೇಟಿನಲ್ಲಿ ನಿಂತು ಗಡಿಯಾರ ನೋಡುವ ಪೈಕಿ. ಹತ್ತನೇ ಕ್ಲಾಸಿನ ರಿಸಲ್ಟು ಬಿಟ್ಟರೆ ಅವರಿಗೆ ಜಗತ್ತಿನಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಕವಾಯತೆಂದರೆ ಪಾಠದ ಹೊತ್ತು ತಿನ್ನುವ ಇಲಿ. ಒಂದು ದಿನ ಎಲ್ಲರ ಎದುರಿಗೇ ಕೇಳಿದರು:

"ಮೇಷ್ಟ್ರೇ, ಮಕ್ಕಳು ತಡ ಆದ್ರ ನೀವು ಗ್ರೌಂಡ್ ಸುತ್ತು ಹಾಕಿಸ್ತೀರಿ. ನೀವು ತಡ ಆದ್ರ ನಾ ಯಾರ್ನ ಓಡಿಸ್ಲಿ?"

"ನನ್ನ ಓಡಿಸ್ರಿ ಸರ್," ಎಂದರು ನಮ್ಮವರು. ಹೇಳಿ ಸುಮ್ಮನಿದ್ದರೆ ಸರಿ. ಬ್ಯಾಗು ಕೆಳಗಿಟ್ಟು ಓಡಿಯೇಬಿಟ್ಟರು. ಎರಡು ಜಿಲ್ಲೆಯ ಹೊಟ್ಟೆ ಕುಣಿಸುತ್ತಾ ಗ್ರೌಂಡಿನ ಸುತ್ತು ಪೂರ್ತಿ ಮುಗಿಸಿ, ಏದುಸಿರು ಬಿಡುತ್ತಾ ಬಂದು ಸಾವಧಾನ್ ನಿಂತರು. ತಡವಾದದ್ದು ಏಕೆಂದು ಮಾತ್ರ ಹೇಳಲಿಲ್ಲ. ಹೆಡ್‌ಮಾಸ್ಟರ್ ಮುಖ ಕೆಂಪಗಾಯಿತು. ಸಿಟ್ಟು ಮಾಡಿದವನಿಗಿಂತ ಬೈಸಿಕೊಂಡವನೇ ದೊಡ್ಡವನಾಗಿ ಕಂಡರೆ ಯಾರಿಗೆ ಸಹಿಸುತ್ತದೆ?

ಅಂದು ಮಧ್ಯಾಹ್ನ ನಮ್ಮ ಸಾರ್ಜೆಂಟ್ ಹುಲಿಗೆಮ್ಮ ಬಂದು ನನ್ನೆದುರು ನಿಂತಳು. ಅವಳು ಗಾದಿಗನೂರಿನವಳು, ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ತುಕಡಿಯಲ್ಲಿ ಸರ್ ಬಿಟ್ಟರೆ ಹುಕುಂ ಅವಳದೇ. ಸೀಮೆಸುಣ್ಣ ತರಲು ಹೋದವಳು ಆಫೀಸ್ ರೂಮಿನ ಮಾತು ಕೇಳಿಸಿಕೊಂಡಿದ್ದಳು. ಇನ್ನೊಂದು ಸಲ ತಡವಾದರೆ ತುಕಡಿಯನ್ನೇ ಬೇರೆ ಶಾಲೆಗೆ ಬಿಟ್ಟುಕೊಡುವುದಾಗಿ ಹೆಡ್‌ಮಾಸ್ಟರ್ ಹೇಳಿದ್ದರು. ಹುಲಿಗೆಮ್ಮನಿಗೆ ಮುಂದೆ ಪೊಲೀಸ್ ಆಗಬೇಕು. ಕೆಡೆಟ್‌ಗಳ 'ಎ' ಸರ್ಟಿಫಿಕೇಟ್ ಪರೀಕ್ಷೆ ಹತ್ತಿರ ಬಂದಿತ್ತು. ತುಕಡಿ ಹೋದರೆ ಪರೀಕ್ಷೆಯೂ ಹೋಯಿತು.

ಅವಳು ಯೂನಿಫಾರಂನಲ್ಲಿದ್ದಳು. ಅದರಿಂದ ನನ್ನ ಮರ್ಯಾದೆ ಉಳಿಯಿತು.

"ಪಂಪಾಪತಿಯವರೇ," ಎಂದಳು, ಹಲ್ಲು ಕಚ್ಚಿಕೊಂಡು, "ನಿಮ್ಮ ಮಾರಿಗಿಷ್ಟು ಬೆಂಕಿ ಹಾಕ್ರಿ."

"ಯಾಕ್ರಿ ಸಾರ್ಜೆಂಟ್ ಅವರೇ? ಸೆಲ್ಯೂಟ್ ಹೊಡಿಯೋದು ತಪ್ಪೇನ್ರಿ?"

"ನಿಮ್ಮ ಸೆಲ್ಯೂಟಿನಿಂದ ಸರ್ ಮರ್ಯಾದಿ ಹೋಗಾಕ್ಹತ್ತೈತಿ. ನನ್ನ ಪರೀಕ್ಷಿ ಹೋಗಾಕ್ಹತ್ತೈತಿ. ತಮಗ ಚಾದ ಅಂಗಡ್ಯಾಗ ನಗಾಕ ಬೇಕು."

"ಹಂಗಾದ್ರ ಹೊಡಿಯೋದು ಬಿಟ್ಟುಬಿಡ್ತೀವಿ."

"ಆಫೀಸರ್‌ನ ನೋಡಿ ಸುಮ್ನ ನಿಂತ್ರ ಅದೂ ಅವಮಾನ ಅಲ್ಲೇನ್ರಿ?"

ಇದು ನಿಜವಾದ ಸಂಕಟ. ಹೊಡೆದರೆ ಸರ್ ಇಳಿಯುತ್ತಾರೆ, ಇಳಿದರೆ ತಡ, ತಡವಾದರೆ ತುಕಡಿ ಇಲ್ಲ. ಹೊಡೆಯದಿದ್ದರೆ ಅಗೌರವ. ಬಹಳ ಹೊತ್ತು ತಲೆ ಕೆರೆದುಕೊಂಡು ಗಾದಿಲಿಂಗ ಹೇಳಿದ: "ನಾವು ಅವರನ್ನ ನೋಡಿದ್ರ ಅಲ್ಲೇನ್ರಿ ಸೆಲ್ಯೂಟು? ನೋಡ್ಲೇ ಇಲ್ಲ ಅಂದ್ರ?"

ಅವನ ಜೀವನದಲ್ಲಿ ಅವನಿಗೆ ಬಂದ ಒಂದೇ ಐಡಿಯಾ ಅದು. ನಾವು ಒಪ್ಪಿಬಿಟ್ಟೆವು.

ಮುಂದಿನ ಬುಧವಾರ ಮೊಪೆಡ್ ಸದ್ದು ಕೇಳಿದ ಕೂಡಲೇ ಹೊಸಪೇಟೆಯ ರಸ್ತೆಯಿಂದ ಕೆಡೆಟ್‌ಗಳು ಮಾಯವಾದರು. ಒಬ್ಬ ಬಾಳೆಹಣ್ಣಿನ ಗಾಡಿಯ ಕೆಳಗೆ ತೂರಿದ. ನಾನು ಸಲೂನಿಗೆ ನುಗ್ಗಿ, ಬೆನ್ನು ರಸ್ತೆಗೆ ಹಾಕಿ ಕುರ್ಚಿಯಲ್ಲಿ ಕೂತೆ. ಸಲೂನಿನವನು ಕೇಳದೆ ಕೊರಳಿಗೆ ಬಟ್ಟೆ ಸುತ್ತಿಯೇಬಿಟ್ಟ. ಗಾದಿಲಿಂಗನಿಗೆ ಅಡಗಲು ಏನೂ ಸಿಗದೆ ಒಂದು ಅಂಗಡಿಯ ಗೋಡೆಗೆ ಮುಖ ಮಾಡಿ, ಮೂಗು ತಾಗುವಷ್ಟು ಹತ್ತಿರ ನಿಂತ. ಅಂಗಡಿಯ ಯಜಮಾನ ಅಪಾರ್ಥ ಮಾಡಿಕೊಂಡು, "ಏ, ಏ! ಯೂನಿಫಾರಂ ಹಾಕ್ಕೊಂಡು ಇಲ್ಲಿ ಮಾಡ್ತಿಯೇನಲೇ?" ಎಂದು ಕೋಲು ತೆಗೆದುಕೊಂಡು ಬಂದ. ಗಾದಿಲಿಂಗ ಅಲುಗಲಿಲ್ಲ. ಏಟು ತಿಂದರೂ ತಿರುಗಿ ನೋಡಲಿಲ್ಲ. ತುಕಡಿಗಾಗಿ ಬಿದ್ದ ಮೊದಲ ಏಟು ಅದು.

ಸರ್ ಗಂಟೆಗೆ ಮುಂಚೆಯೇ ಶಾಲೆ ಸೇರಿದರು. ಹೆಡ್‌ಮಾಸ್ಟರ್ ಗಡಿಯಾರ ನೋಡಿ, ಬೈಯಲು ಏನೂ ಸಿಗದೆ ಒಳಗೆ ಹೋದರು. ನಾವು ಗೆದ್ದೆವೆಂದು ಕಣ್ಣಲ್ಲೇ ಮಾತಾಡಿಕೊಂಡೆವು.

ಪರೇಡಿನಲ್ಲಿ ಮಾತ್ರ ಸರ್ ಹುಕುಂ ಕೊಡಲಿಲ್ಲ. ಸುಮ್ಮನೆ ನಮ್ಮ ಮುಂದೆ ಅತ್ತಿಂದಿತ್ತ ನಡೆದಾಡಿದರು. ಆ "ಹ್ಞೂಂಹ್ಞೂಂ" ಕೂಡ ಬರಲಿಲ್ಲ. ಕೊನೆಗೆ ಕ್ಲಾಸಿನ ಸಣ್ಣ ಧ್ವನಿಯಲ್ಲಿ ಕೇಳಿದರು:

"ಇವತ್ತ ದಾರ್ಯಾಗ ಎಲ್ಲಾರೂ ಮಾರಿ ತಿರುವಿದ್ರಿ. ನನ್ನಿಂದ ಏನಾರ ತಪ್ಪಾಗೈತೇನ್ರಿ?"

ನಾವು ಅವರನ್ನು ನೋಡದಂತೆ ಅಡಗಿದ್ದೆವೇ ಹೊರತು, ಅವರು ನಮ್ಮನ್ನು ನೋಡಬಹುದು ಎಂಬುದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಹುಲಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ತಪ್ಪು ನಿಮ್ಮದಲ್ರಿ ಸರ್. ನಿಮಗ ತಡ ಆಗಬಾರ್ದು ಅಂತ ಹಂಗ ಮಾಡಿದ್ವಿ. ತಡ ಆದ್ರ ತುಕಡಿ ಹೋಗ್ತೈತಿ ಅಂತ..." ಮಾತು ಅರ್ಧಕ್ಕೇ ಬಿಟ್ಟು ಅವಳು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದನ್ನು ಮಾತ್ರ ನಾನು ಇದುವರೆಗೆ ನಕಲು ಮಾಡಿಲ್ಲ.

ನಿಧಾನಕ್ಕೆ ಸರ್ ಮುಖ ಅರಳಿತು.

"ಹಿಂಗೇನು! ನಾ ಬ್ಯಾರೇನ ತಿಳ್ಕೊಂಡಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಮೊದಲ ವಾರದಾಗ ಗೊತ್ತಾಗಿತ್ತು ನನಗ, ಇದು ಪಂಪಾಪತಿಯವರ ಚ್ಯಾಷ್ಟಿ ಅಂತ."

"ಗೊತ್ತಿದ್ದೂ ಯಾಕ ಇಳೀತಿದ್ರಿ ಸರ್?" ಎಂದೆ.

"ಚ್ಯಾಷ್ಟಿಗೆ ಹೊಡದ್ರೂ ಸೆಲ್ಯೂಟು ಸೆಲ್ಯೂಟೇ ಅಲ್ರಿ. ಅದನ್ನ ನಾ ಇಟ್ಕೊಳ್ಳಾಕ ಬರಂಗಿಲ್ಲ, ತಿರುಗಿ ಕೊಡಬೇಕು." ಬಾಗಿ ತಮ್ಮ ಬೂಟಿನ ಧೂಳು ಒರೆಸಿಕೊಂಡರು. "ಮ್ಯಾಲ ಇನ್ನೊಂದು ನೋಡ್ರಿ. ಇಡೀ ವರ್ಷ ಗ್ರೌಂಡಿನಾಗ ಕೂಗಿದ್ರೂ ನಿಮ್ಮ ಕೈ ನೆಟ್ಟಗ ಆಗಿದ್ದಿಲ್ಲ. ರಸ್ತಿ ಮ್ಯಾಲ ನಿಂತು ನಿಂತು ಎಲ್ಲಾರದೂ ಮಸ್ತ್ ಆಗೈತಿ. ನಾ ಯಾಕ ಬ್ಯಾಡ ಅನ್ಲಿ?"

ನಾವು ಇಷ್ಟು ದಿನ ಅವರನ್ನು ಆಟ ಆಡಿಸುತ್ತಿದ್ದೆವು ಅಂದುಕೊಂಡಿದ್ದೆವು. ಅವರು ಪಾಠ ಮಾಡುತ್ತಿದ್ದರು.

"ಆದ್ರ ಮಾರಿ ತಿರುವೋದು ಬ್ಯಾಡ್ರಿ," ಎಂದರು. "ಹೆಡ್‌ಮಾಸ್ಟರು ಸಿಟ್ಟಾದ್ರ ಗ್ರೌಂಡ್ ಒಂದು ಸುತ್ತು ಓಡಿದ್ರಾತು. ನೀವು ಮಾರಿ ತಿರುವಿದ್ರ ಏನು ಮಾಡಬೇಕೋ ನನಗ ತಿಳಿಯಂಗಿಲ್ಲ. ಶನಿವಾರ ನೀವು ದಿನಾ ನಿಂದ್ರೋ ಜಾಗದಾಗ ನಿಂದ್ರಿ. ನಾ ನಡ್ಕೊಂತ ಬರ್ತೀನಿ."

ಮನೆಯಲ್ಲಿ ಇದನ್ನು ಹೇಳಿದಾಗ ಅವರ ಹೆಂಡತಿ, "ನೀರು ನಾ ಹಿಡೀತೀನಿ, ನೀವು ಮದ್ಲು ಬಸ್ ಹಿಡೀರಿ" ಎಂದರಂತೆ. ಶನಿವಾರ ಸರ್ ಮೊಪೆಡ್ ಬಿಟ್ಟು ಡ್ಯಾಂ ಬಸ್ಸಿಗೆ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಲೇ ತಲೆಯ ಮೇಲೆ ಟೋಪಿ. ಲೆಕ್ಕಾಚಾರವೆಲ್ಲ ಸರಿಯಿತ್ತು, ನಡೆಯುತ್ತಲೇ ಸೆಲ್ಯೂಟ್ ತಿರುಗಿಸಬಹುದು, ನಿಲ್ಲಬೇಕಿಲ್ಲ. ಆದರೆ ಬಸ್ಸಿಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ. ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತಡವಾಗಿ ಬಂದಿತ್ತು.

ಮೊದಲ ಸೆಲ್ಯೂಟ್ ನನ್ನದು. ತಿರುಗಿಸಿದರು. "ಹಿಂದ ಬರ್ರಿ." ನಾನು ಹಿಂದೆ ಹೆಜ್ಜೆ ಹಾಕಿದೆ. ಬಾಳೆಹಣ್ಣಿನ ಗಾಡಿಯ ಹತ್ತಿರ ಇಬ್ಬರು ಸೇರಿಕೊಂಡರು. ಸಲೂನಿನ ಮುಂದೆ ಇನ್ನಷ್ಟು ಜನ. ಹುಲಿಗೆಮ್ಮ ಬಂದು ಪಕ್ಕದಲ್ಲಿ ನಡೆಯುತ್ತಾ ಹೆಜ್ಜೆ ಕೂಗತೊಡಗಿದಳು. ಚಹಾದಂಗಡಿಯವನು ಒಲೆ ಬಿಟ್ಟು ರಸ್ತೆಗೆ ಬಂದ. ನೋಡನೋಡುತ್ತಿದ್ದಂತೆ ಅರ್ಧ ತುಕಡಿ ರಸ್ತೆಯ ಮೇಲೆ ಸಾಲುಗಟ್ಟಿತ್ತು.

"ಸರ್, ಹೊತ್ತಾತು," ಎಂದಳು ಹುಲಿಗೆಮ್ಮ. "ಆ ಕಡೀ ಓಣ್ಯಾಗ ಹೋದ್ರ ಜಲ್ದಿ ಆಗ್ತೈತ್ರಿ."

"ಈ ದಾರ್ಯಾಗ ಇನ್ನೂ ಮಂದಿ ನಿಂತಾರಲ್ರಿ."

"ಹಂಗಾರ ಓಡೋಣ್ರಿ."

"ಓಡಿದ್ರ ಅವರು ಹೊಡಿಯೋದ್ಹೆಂಗ, ನಾ ತಿರುಗಿಸೋದ್ಹೆಂಗ?"

ಅವಳ ಮುಖ ನೋಡಿದೆ. ಪೊಲೀಸ್ ಕೆಲಸ, ಪರೀಕ್ಷೆ, ಎಲ್ಲ ಆ ಒಂದೊಂದು ಹೆಜ್ಜೆಯಲ್ಲಿ ದೂರ ಹೋಗುತ್ತಿರುವಂತೆ ಇತ್ತು. ಆದರೂ ಅವಳು ಹೆಜ್ಜೆ ತಪ್ಪಿಸಲಿಲ್ಲ. ಸರ್ ಒಬ್ಬರನ್ನೂ ಬಿಡಲಿಲ್ಲ. ಶಾಲೆ ಇನ್ನೂ ದೂರ ಕಾಣುತ್ತಿರುವಾಗಲೇ ಪ್ರಾರ್ಥನೆಯ ಗಂಟೆ ಹೊಡೆಯಿತು. ಗೇಟಿನಲ್ಲಿ ಹೆಡ್‌ಮಾಸ್ಟರ್ ನಿಂತಿದ್ದರು. ಬಲಗೈ ಎಡಗೈಯ ಗಡಿಯಾರದ ಮೇಲೆ.

ಗೇಟಿನ ಹತ್ತಿರ ಬರುತ್ತಿದ್ದಂತೆ ಸರ್ ಸಾಲಿನಿಂದ ಹೊರಬಂದು ಹೆಡ್‌ಮಾಸ್ಟರ ಪಕ್ಕದಲ್ಲಿ ನಿಂತುಕೊಂಡರು. "ಹ್ಞೂಂಹ್ಞೂಂ..." ಎಂದು ಕಣ್ಣಲ್ಲೇ ಹುಲಿಗೆಮ್ಮನಿಗೆ ಸನ್ನೆ ಮಾಡಿದರು.

"ದಾಹಿನೇ ದೇಖ್!" ಎಂದಳು ಅವಳು.

ಇಡೀ ತುಕಡಿಯ ಮುಖ ಒಂದೇ ಏಟಿಗೆ ಹೆಡ್‌ಮಾಸ್ಟರ ಕಡೆ ತಿರುಗಿತು. ಪಾಪ, ಅವರನ್ನು ಜನ್ಮದಲ್ಲಿ ಅಷ್ಟು ಜನ ಒಟ್ಟಿಗೆ ಮುಖ ಕೊಟ್ಟು ನೋಡಿರಲಿಲ್ಲ. ನಾವು ಅವರನ್ನು ಕಂಡಾಗಲೆಲ್ಲ ಓಣಿ ಹಿಡಿಯುವವರು. ಅವರ ಕೈ ತಾನೇ ಮೇಲೆದ್ದು ಹಣೆಯ ಕಡೆ ಹೊರಟಿತು.

"ಟೋಪಿ ಇಲ್ಲಲ್ರಿ ಸರ್," ಎಂದರು ಪರೇಡ್ ಸರ್, ತುಟಿ ಅಲುಗಿಸದೆ. "ಸಾವಧಾನ್ ನಿಂತ್ರ ಸಾಕು. ಕೈ ಕೆಳಗ."

ಹೆಡ್‌ಮಾಸ್ಟರ್ ಕೈ ಕೆಳಗಿಳಿಸಿ, ಹಿಮ್ಮಡಿ ಕೂಡಿಸಿ, ಎದೆ ಮುಂದೆ ಮಾಡಿ ನಿಂತರು. ಒಳ್ಳೆಯ ನಿಲುವೇ. ಸಾಲು ಸಾಲಾಗಿ ನಾವು ಅವರ ಮುಂದೆ ಹಾದು ಒಳಗೆ ಹೋದೆವು. ಕೊನೆಯ ಸಾಲೂ ದಾಟಿತು. ಅವರು ಹಾಗೇ ನಿಂತಿದ್ದರು.

"ಮೇಷ್ಟ್ರೇ," ಎಂದರು ಮೆಲ್ಲಗೆ, ಎದುರು ನೋಡುತ್ತಲೇ, "ಈಗ ಗಡಿಯಾರ ನೋಡಬಹುದೇನ್ರಿ?"

"ವಿಶ್ರಾಮ್ ಅನ್ನೋತನಕ ಕೈ ಎತ್ತಂಗಿಲ್ರಿ ಸರ್."

"ಹಂಗಾರ ವಿಶ್ರಾಮ್ ಅನ್ರಲ್ಲ."

"ಒಬ್ಬರು ಬರೋರದಾರ್ರಿ."

ರಸ್ತೆಯ ತುದಿಯಲ್ಲಿ ಕಂಪ್ಲಿ ಬಸ್ಸಿನಿಂದ ಆಗಷ್ಟೇ ಇಳಿದ ಗಾದಿಲಿಂಗ ಒಂದು ಕೈಯಲ್ಲಿ ಟೋಪಿ, ಒಂದು ಕೈಯಲ್ಲಿ ಬುತ್ತಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಗೇಟಿನ ಹತ್ತಿರ ಬಂದವನು ಹೆಡ್‌ಮಾಸ್ಟರ್ ಸಾವಧಾನ್ ನಿಂತಿರುವುದನ್ನು ಕಂಡು ಗಾಬರಿಯಾಗಿ, ಟೋಪಿ ಹಾಕಿಕೊಂಡು ಬುತ್ತಿಯ ಸಮೇತ ಸೆಲ್ಯೂಟ್ ಹೊಡೆದ. ಸರ್ ಅದನ್ನೂ ತಿರುಗಿಸಿದರು. ಗಾದಿಲಿಂಗ ಒಳಗೆ ಹೋದ.

"ವಿಶ್ರಾಮ್," ಎಂದರು ಸರ್.

ಹೆಡ್‌ಮಾಸ್ಟರ್ ಉಸಿರು ಬಿಟ್ಟು ಕೈಯೆತ್ತಿ ಗಡಿಯಾರ ನೋಡಿದರು. ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಒಳಗೆ ಪ್ರಾರ್ಥನೆಯೂ ಅರ್ಧ ಮುಗಿದಿತ್ತು. ಅವರು ಗಡಿಯಾರವನ್ನು ನೋಡಿದರು, ಗ್ರೌಂಡಿನಲ್ಲಿ ಗೆರೆ ಎಳೆದಂತೆ ನಿಂತಿದ್ದ ನಮ್ಮನ್ನು ನೋಡಿದರು, ನಮ್ಮ ಮುಂದೆ ಕಣ್ಣು ಮಿಟುಕಿಸದೆ ನಿಂತಿದ್ದ ಹುಲಿಗೆಮ್ಮನನ್ನು ನೋಡಿದರು. ಆಮೇಲೆ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡರು.

"ಬರೋಬ್ಬರಿ ಟೈಮಿಗೆ ಬಂದೀರಿ ಮೇಷ್ಟ್ರೇ," ಎಂದರು. "ಎಲ್ಲಾರೂ."